ಕೀಮೋ ನಡುವೆ ಶುಗರ್ ಬಂದಾಗ: ಎರಡೂ ಕಾಯಿಲೆಗೆ ಒಂದೇ ಪುಸ್ತಕ

ಎರಡನೇ ಕೀಮೋ ಮುಗಿಸಿಕೊಂಡು ತಿಪಟೂರಿಗೆ ವಾಪಸ್ ಬಂದ ಮೇಲೆ ಒಂದು ರಾತ್ರಿ ಅಮ್ಮ ಆರು ಸಲ ಬಚ್ಚಲಿಗೆ ಎದ್ದಳು. ದಿಂಬಿನ ಪಕ್ಕ ಇಟ್ಟಿದ್ದ ಎರಡು ಲೀಟರ್ ಬಾಟಲಿ ಬೆಳಗಾಗುವಷ್ಟರಲ್ಲಿ ಖಾಲಿ. ಕೀಮೋ ಆದವರು ನೀರು ಚೆನ್ನಾಗಿ ಕುಡಿಯಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರಿಂದ ನಾವೂ ಅದನ್ನು ಒಳ್ಳೆಯದೇ ಅಂದುಕೊಂಡೆವು. ಆದರೂ ಮನಸ್ಸು ತಡೆಯದೆ ಬೆಳಗ್ಗೆ ಲ್ಯಾಬಿಗೆ ಕರೆದುಕೊಂಡು ಹೋಗಿ ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿಸಿದೆ. 118. "ನೋಡಿದ್ಯಾ, ನಂಗೇನೂ ಇಲ್ಲ ಕಣೇ" ಅಂದಳು ಅಮ್ಮ. ಅವತ್ತೇ ಸಂಜೆ ಐದು ಗಂಟೆಗೆ, ಪಕ್ಕದ ಮನೆಯವರ ಗ್ಲೂಕೋಮೀಟರಿನಲ್ಲಿ ಬಂದದ್ದು 386.

ಬೆಳಗ್ಗೆಯ 118 ಸುಳ್ಳಲ್ಲ, ಸಂಜೆಯ 386 ಕೂಡ ಸುಳ್ಳಲ್ಲ. ಅಮ್ಮನಿಗಿದ್ದದ್ದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದಕ್ಕೆ ಕೊಡುವ ಆರ್-ಚಾಪ್ ಎಂಬ ಚಿಕಿತ್ಸೆಯಲ್ಲಿ 21 ದಿನಕ್ಕೊಂದು ಸೈಕಲ್, ಅಂದರೆ ಒಂದು ಸುತ್ತು. ಪ್ರತಿ ಸೈಕಲ್ಲಿನ ಮೊದಲ ಐದು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ. ಬೆಳಗ್ಗೆ ತಿಂಡಿಯ ಜೊತೆ ನುಂಗಿದ ಈ ಮಾತ್ರೆ ಶುಗರನ್ನು ಏರಿಸುವುದು ಮಧ್ಯಾಹ್ನದ ಮೇಲೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಜೋರು ಇಳಿದು, ಬೆಳಗ್ಗೆ ರಕ್ತ ಕೊಟ್ಟಾಗ ಎಲ್ಲ ಸರಿಯಿರುವ ಹಾಗೆ ಕಾಣುತ್ತದೆ.

ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಬಂದ ಶುಗರ್‌ಗೆ ತನ್ನದೇ ತಿಥಿ-ವಾರ ಇರುವುದಿಲ್ಲ. ಅದು ಕೀಮೋದ ಕ್ಯಾಲೆಂಡರನ್ನೇ ಹಿಡಿದು ಏರಿಳಿಯುತ್ತದೆ. ನಾವು ಇದನ್ನು ಕಲಿತದ್ದು ತಡವಾಗಿ, ನಾಲ್ಕನೇ ಸೈಕಲ್ ಹೊತ್ತಿಗೆ. ನೀವು ಮೊದಲ ವಾರದಲ್ಲೇ ಕಲಿಯಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿ ಔಷಧಿಯ ಪ್ರಮಾಣ ಹೇಳುವುದಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಿಕೊಳ್ಳಬೇಕು, ಅಷ್ಟು ಹೇಳುತ್ತೇನೆ.

ಮೊದಲು: ಈ ಶುಗರ್ ಎಲ್ಲಿಂದ ಬಂತು?

"ಶುಗರ್ ಬಂದಿದೆ" ಎಂದು ಯಾರಾದರೂ ಹೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು. ಉತ್ತರದ ಮೇಲೆ ಮುಂದಿನ ಎಲ್ಲ ಹೆಜ್ಜೆ ಬದಲಾಗುತ್ತದೆ.

ಕೆಲವರಿಗೆ ಕಾಯಿಲೆ ಮೊದಲಿಂದಲೇ ಇದ್ದು ಗೊತ್ತಾಗಿರುವುದಿಲ್ಲ. ಕ್ಯಾನ್ಸರ್ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಹೊರಗೆ ಬರುತ್ತದೆ. ಕೀಮೋ ಶುರುವಾಗುವ ಮುಂಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ರಿಪೋರ್ಟ್ ಇದ್ದರೆ ಹುಡುಕಿ ತೆಗೆಯಿರಿ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಧುಮೇಹ ಆಗಲೇ ಇತ್ತು ಎಂದು ಲೆಕ್ಕ, 5.7ರಿಂದ 6.4 ಇದ್ದರೆ ಅಂಚಿನಲ್ಲಿತ್ತು. ಅಮ್ಮನದು 6.1 ಇತ್ತು. ಅಂಚಿನಲ್ಲಿ ನಿಂತಿದ್ದವಳನ್ನು ಸ್ಟೀರಾಯ್ಡ್ ಆಚೆಗೆ ತಳ್ಳಿತು.

ಸ್ಟೀರಾಯ್ಡ್ ಅಂದರೆ ಮಾತ್ರೆ ಒಂದೇ ಅಲ್ಲ. ವಾಂತಿ ಆಗದಿರಲಿ ಎಂದು, ಅಲರ್ಜಿ ಆಗದಿರಲಿ ಎಂದು ಕೀಮೋಗೆ ಮುಂಚೆ ಡ್ರಿಪ್‌ನಲ್ಲಿ ಡೆಕ್ಸಾಮೆಥಸೋನ್ ಕೊಡುತ್ತಾರೆ. ಸ್ತನ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಗಂಟಲಿನ ಕ್ಯಾನ್ಸರ್ ರೋಗಿಗಳಲ್ಲೂ ಬಹಳ ಜನ ಅದನ್ನು ತೆಗೆದುಕೊಂಡಿರುತ್ತಾರೆ, ಆದರೆ ಸ್ಟೀರಾಯ್ಡ್ ತೆಗೆದುಕೊಂಡಿದ್ದೇವೆ ಎಂದು ಅವರಿಗೆ ಗೊತ್ತಿರುವುದಿಲ್ಲ. ನರ್ಸ್ ಹತ್ತಿರ "ಡೆಕ್ಸಾ ಕೊಟ್ಟಿದ್ದೀರಾ ಸಿಸ್ಟರ್? ಮನೆಗೂ ಮಾತ್ರೆ ಬರೆದಿದ್ದಾರಾ? ಎಷ್ಟು ದಿನ?" ಎಂದು ನೇರವಾಗಿ ಕೇಳಿ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಇನ್ಸುಲಿನ್ ತಯಾರಿಸುವ ಜಾಗಕ್ಕೇ ಪೆಟ್ಟು ಬಿದ್ದಿರುತ್ತದೆ. ಆಪರೇಷನ್‌ನಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರೆ ಶುಗರ್ ಬಿದ್ದಾಗ ಮೇಲೆತ್ತುವ ಗ್ಲುಕಗಾನ್ ಎಂಬ ಹಾರ್ಮೋನ್ ಕೂಡ ಹೋಗಿರುತ್ತದೆ. ಹಾಗಾಗಿ ಇವರಿಗೆ ಶುಗರ್ ಏರುವುದಷ್ಟೇ ಅಲ್ಲ, ದಿಢೀರನೆ ಕುಸಿಯುವ ಭಯವೂ ಉಂಟು. ಊಟದ ಜೊತೆ ಜೀರ್ಣಕ್ಕೆ ಎಂಜೈಮ್ ಕ್ಯಾಪ್ಸೂಲ್ ಕೊಟ್ಟಿದ್ದರೆ ಅದನ್ನು ತಪ್ಪಿಸಬಾರದು; ತಿಂದದ್ದು ಮೈಗೆ ಹತ್ತದಿದ್ದರೆ ಇನ್ಸುಲಿನ್ ಲೆಕ್ಕ ತಲೆಕೆಳಗಾಗುತ್ತದೆ.

ಇನ್ನೊಂದನ್ನು ಸ್ವಲ್ಪ ಒತ್ತಿ ಹೇಳಬೇಕು. ಪೆಂಬ್ರೋಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿ ಔಷಧಿಗಳು ಅಪರೂಪಕ್ಕೆ ದೇಹದ ರೋಗನಿರೋಧಕ ಶಕ್ತಿಯನ್ನು ಮೇದೋಜೀರಕದ ಮೇಲೇ ತಿರುಗಿಸುತ್ತವೆ. ಬರುವುದು ವಿರಳ, ಬಂದರೆ ಕೆಲವೇ ದಿನಗಳಲ್ಲಿ ಶುಗರ್ ಗಗನಕ್ಕೇರಿ ರಕ್ತ ಆಮ್ಲವಾಗಿ ಜೀವಕ್ಕೇ ಕುತ್ತು ಬರಬಹುದು. ಇದಕ್ಕೆ ಮಾತ್ರೆ, ಪಥ್ಯ ಸಾಲದು, ಇನ್ಸುಲಿನ್ನೇ ಬೇಕು, ಅದೂ ಸಾಮಾನ್ಯವಾಗಿ ಜೀವನಪೂರ್ತಿ. ಇಮ್ಯುನೋಥೆರಪಿ ತೆಗೆದುಕೊಳ್ಳುತ್ತಿರುವವರಿಗೆ ವಿಪರೀತ ದಾಹ, ಮೂತ್ರ, ವಾಂತಿ, ಏದುಸಿರು ಕಂಡರೆ ನಾಳೆ ನೋಡೋಣ ಅನ್ನಬೇಡಿ.

ಇವಲ್ಲದೆ ಅಲ್ಪೆಲಿಸಿಬ್, ಎವರೋಲಿಮಸ್ ಎಂಬ ಕ್ಯಾನ್ಸರ್ ಮಾತ್ರೆಗಳು, ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಡುವ ಆಸ್ಪರಾಜಿನೇಸ್ ಇಂಜೆಕ್ಷನ್ ಕೂಡ ಶುಗರ್ ಏರಿಸಬಲ್ಲವು. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆಯಲ್ಲಿ ಇದು ನಿಧಾನವಾಗಿ, ತಿಂಗಳುಗಳಲ್ಲಿ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿಯ ಲೆಕ್ಕ; ಅದು ನಿಂತಿರುವುದು ಕೆಂಪು ರಕ್ತಕಣಗಳ ಆಯಸ್ಸಿನ ಮೇಲೆ. ಕೀಮೋ ನಡುವೆ ರಕ್ತ ಕಡಿಮೆಯಾಗಿದ್ದರೆ, ಬಾಟಲಿ ರಕ್ತ ಹಾಕಿಸಿಕೊಂಡಿದ್ದರೆ ಆ ಸಂಖ್ಯೆಯನ್ನು ನಂಬಲಾಗದು. ಆ ಕಾಲದಲ್ಲಿ ಬೆರಳಿನ ರಕ್ತದ ಪರೀಕ್ಷೆಯೇ ಆಧಾರ.

ಎರಡು: ಶುಗರ್‌ಗೆ ಒಬ್ಬ ಡಾಕ್ಟರು, ಒಂದು ಫೋನ್ ನಂಬರು

ಕ್ಯಾನ್ಸರ್ ಡಾಕ್ಟರ್ "ನಿಮ್ಮ ಫಿಸಿಷಿಯನ್ ಹತ್ತಿರ ತೋರಿಸಿ" ಅಂದರು. ಊರಿನ ಫಿಸಿಷಿಯನ್ "ಕೀಮೋ ನಡೀತಿದೆ, ಅವರನ್ನೇ ಕೇಳಿ" ಅಂದರು. ಯಾರ ತಪ್ಪೂ ಇಲ್ಲ, ಇಬ್ಬರಿಗೂ ಇನ್ನೊಬ್ಬರು ಏನು ಕೊಟ್ಟಿದ್ದಾರೆಂದು ತಿಳಿದಿರಲಿಲ್ಲ. ನಡುವೆ ಕೈಕೈ ಹಿಸುಕಿಕೊಂಡು ನಿಂತವಳು ನಾನು.

ಕೀಮೋ ಕೊಡುವ ಡಾಕ್ಟರ್ ಹತ್ತಿರ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಯಾವ ಔಷಧಿಗಳು, ಎಷ್ಟು ದಿನಕ್ಕೊಮ್ಮೆ, ಸ್ಟೀರಾಯ್ಡ್ ಯಾವ ದಿನಗಳಲ್ಲಿ ಎಷ್ಟು, ಕಿಡ್ನಿ ಹೇಗಿದೆ. ಆ ಚೀಟಿ ಹಿಡಿದು ಶುಗರ್ ನೋಡುವವರ ಹತ್ತಿರ ಹೋಗಿ. ಕ್ಯಾನ್ಸರ್ ಆಸ್ಪತ್ರೆಯಲ್ಲೇ ಫಿಸಿಷಿಯನ್ ಅಥವಾ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞ) ಇದ್ದರೆ ಅವರೇ ಒಳ್ಳೆಯದು, ಫೈಲು ಒಂದೇ ಕಡೆ ಇರುತ್ತದೆ. ನಂತರ ಇಬ್ಬರ ಎದುರೂ ಇದೇ ಪ್ರಶ್ನೆ ಇಡಿ: "ರಾತ್ರಿ ಹತ್ತಕ್ಕೆ ಶುಗರ್ 350 ಬಂದರೆ ನಾನು ಯಾರಿಗೆ ಫೋನ್ ಮಾಡಲಿ?" ಸ್ಪಷ್ಟ ಉತ್ತರ ಸಿಗುವವರೆಗೆ ಏಳಬೇಡಿ.

ಗುರಿ ಎಷ್ಟು ಎಂದೂ ಕೇಳಿ. ಶುಗರ್ ಪುಸ್ತಕಗಳಲ್ಲಿ ಇರುವ ಬಿಗಿ ಅಂಕಿಗಳು ಕೀಮೋದವರಿಗೆ ಹೊಂದುವುದಿಲ್ಲ. ಸಾಮಾನ್ಯವಾಗಿ 110ರಿಂದ 180ರ ನಡುವೆ ಇದ್ದರೆ ಸಮಾಧಾನ ಪಡುತ್ತಾರೆ, ಸ್ಟೀರಾಯ್ಡ್ ದಿನಗಳಲ್ಲಿ ಇನ್ನೂ ಸ್ವಲ್ಪ ಮೇಲಿದ್ದರೂ ಸಹಿಸುತ್ತಾರೆ. ಊಟ ಸೇರದ ರೋಗಿಯಲ್ಲಿ ಶುಗರ್ ತೀರಾ ಕೆಳಗೆ ಬೀಳುವುದು ಸ್ವಲ್ಪ ಮೇಲಿರುವುದಕ್ಕಿಂತ ಅಪಾಯ.

ಮೂರು: ಪುಸ್ತಕ

ನಮ್ಮದು ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ. ಒಂದು ಸೈಕಲ್‌ಗೆ ಎದುರುಬದುರು ಎರಡು ಪುಟ, 21 ಸಾಲು. ಮೊದಲ ಮನೆಯಲ್ಲಿ ತಾರೀಖು, ಎರಡನೆಯದರಲ್ಲಿ ಅದು ಕೀಮೋದ ಎಷ್ಟನೇ ದಿನ. ಆಮೇಲೆ ಸ್ಟೀರಾಯ್ಡ್ ಇದೆಯೋ ಇಲ್ಲವೋ, ಶುಗರ್ ನಾಲ್ಕು ಹೊತ್ತಿನದು, ಇನ್ಸುಲಿನ್ ಎಷ್ಟು, ಊಟ ಹೇಗೆ ಸೇರಿತು, ಜ್ವರ, ತೂಕ. ಕೊನೆಯಲ್ಲಿ ಬಿಟ್ಟ ಜಾಗದಲ್ಲಿ "ಬೆರಳು ಜೋಮು", "ಮೂರು ಸಲ ಭೇದಿ" ಅಂತ ಒಂದೆರಡು ಮಾತು. ಮೊಬೈಲಿನಲ್ಲಿ ಬೇಕಾದರೂ ಮಾಡಿ, ಆದರೆ ಡಾಕ್ಟರ್ ಮುಂದೆ ಕೂತ ಐದು ನಿಮಿಷದಲ್ಲಿ ಎರಡು ಪುಟ ತೆರೆದು ತೋರಿಸುವಷ್ಟು ಸಲೀಸು ಬೇರೆ ಯಾವುದೂ ನನಗೆ ಕಾಣಲಿಲ್ಲ. ಮೂರನೇ ಸೈಕಲ್‌ನ ಪುಟ ನೋಡಿ ಡಾಕ್ಟರ್ ಅರ್ಧ ನಿಮಿಷದಲ್ಲಿ ಇನ್ಸುಲಿನ್ ಬದಲಾಯಿಸಿದರು. ಎರಡು ಸೈಕಲ್ ಅಂಗೈ ಅಗಲದ ಚೀಟಿಗಳನ್ನು ಹೊತ್ತು ತಿರುಗಿದವಳಿಗೆ ಅವತ್ತು ಕಣ್ಣಲ್ಲಿ ನೀರು ಬಂತು.

ಯಾವಾಗ ನೋಡಬೇಕು? ಸ್ಟೀರಾಯ್ಡ್ ಇರುವ ದಿನಗಳಲ್ಲಿ ನಾಲ್ಕು ಸಲ: ಬೆಳಗ್ಗೆ ಖಾಲಿ ಹೊಟ್ಟೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಮಲಗುವಾಗ. ಉಳಿದ ದಿನ ಡಾಕ್ಟರ್ ಹೇಳಿದಷ್ಟು. ಸ್ಟ್ರಿಪ್‌ಗೆ ದುಡ್ಡು ಹೊಂದುವುದು ಕಷ್ಟ, ದಿನಕ್ಕೆ ಒಂದೇ ಸಾಧ್ಯ ಅನ್ನುವವರು ಅದನ್ನು ಬೆಳಗ್ಗೆ ಖರ್ಚು ಮಾಡಬೇಡಿ. ಬೆಳಗ್ಗೆ ಪ್ರೆಡ್ನಿಸೋಲೋನ್ ನುಂಗುವವರಿಗೆ ಸಂಜೆಯ ಅಂಕಿಯೇ ನಿಜ ಹೇಳುವುದು.

ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಒಂದು ದಿನ ಅಮ್ಮ ಕಿತ್ತಳೆ ಸುಲಿದು ತೊಳೆ ಬಿಡಿಸುತ್ತಿದ್ದಳು, ಹಾಗೇ ಬೆರಳು ಚಾಚಿದಳು. 291 ಬಂತು. ಗಾಬರಿಯಾಗಿ ಸೋಪು ಹಾಕಿ ತೊಳೆಸಿ, ಬೇರೆ ಬೆರಳಲ್ಲಿ ನೋಡಿದರೆ 174. ಹಣ್ಣಿನ ರಸ ಬೆರಳ ಮೇಲೆ ಒಣಗಿದ್ದೇ ಕಾರಣ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಪ್ಲೇಟ್‌ಲೆಟ್ ಕಡಿಮೆಯಿರುವ ದಿನಗಳಲ್ಲಿ ಹತ್ತಿಯಿಂದ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಸೂಜಿ ಪ್ರತಿ ಸಲವೂ ಹೊಸದು, ಕೀಮೋ ರೋಗಿಗೆ ಸೋಂಕಿನ ಒಂದು ಸಣ್ಣ ದಾರಿಯನ್ನೂ ಬಿಡಬಾರದು.

ನಾಲ್ಕು: ಇನ್ಸುಲಿನ್ ಅಂದರೆ ಹೆದರಬೇಡಿ, ಸಿರಿಂಜಿಗೆ ಹೆದರಿ

"ಇನ್ಸುಲಿನ್ ಒಂದ್ಸಲ ಶುರುವಾದ್ರೆ ಬಿಡೋಕಾಗಲ್ಲ" ಎಂದು ಬಂದು ಹೋದವರೆಲ್ಲ ಹೇಳಿದರು. ಸ್ಟೀರಾಯ್ಡ್‌ನಿಂದ ಏರಿದ ಶುಗರ್‌ಗೆ ಇದು ಸಲ್ಲದ ಮಾತು. ಅಮ್ಮನಿಗೆ ಪ್ರತಿ ಸೈಕಲ್‌ನಲ್ಲಿ ಆ ಕೆಲವು ದಿನ ಮಾತ್ರ ಇತ್ತು. ಬೆಳಗ್ಗೆ ಚುಚ್ಚುವ ಎನ್‌ಪಿಎಚ್ ಇನ್ಸುಲಿನ್ ನಾಲ್ಕೈದು ಗಂಟೆ ಬಿಟ್ಟು ಜೋರಾಗಿ ಕೆಲಸ ಮಾಡುತ್ತದೆ, ಬೆಳಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಕೂಡ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಏರಿಸುತ್ತದೆ. ಅದಕ್ಕೇ ಎರಡನ್ನೂ ಜೋಡಿ ಮಾಡುತ್ತಾರೆ. ಈ ಇನ್ಸುಲಿನ್ ಹಾಲಿನಂತೆ ಬೆಳ್ಳಗಿರುತ್ತದೆ. ಕುಲುಕದೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ ಬೆರೆಸಬೇಕು.

ಈಗ ನಾವು ಮಾಡಿದ ತಪ್ಪು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಎರಡು ಬಲದಲ್ಲಿ ಸಿಗುತ್ತವೆ: ಮಿಲಿಲೀಟರ್‌ಗೆ 40 ಯೂನಿಟ್, ಮಿಲಿಲೀಟರ್‌ಗೆ 100 ಯೂನಿಟ್. ಸಿರಿಂಜೂ ಹಾಗೆಯೇ ಎರಡು. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ನಮ್ಮ ಬಾಟಲಿ 40ರದು. ಒಂದು ಸಲ ಸಿರಿಂಜು ಮುಗಿದಾಗ ಔಷಧಿ ಅಂಗಡಿಯಲ್ಲಿ ಕಿತ್ತಳೆಯದು ಕೊಟ್ಟರು, ನಾನೂ ನೋಡದೆ ತಂದೆ. 10ರ ಗೆರೆಗೆ ಎಳೆದು ಚುಚ್ಚಿದೆ. ಒಳಗೆ ಹೋದದ್ದು ನಾಲ್ಕೇ ಯೂನಿಟ್. ಎರಡು ದಿನ ಶುಗರ್ 300ರ ಕೆಳಗೆ ಇಳಿಯಲಿಲ್ಲ, ಕಾಯಿಲೆಯೇ ಜಾಸ್ತಿಯಾಯಿತು ಅಂದುಕೊಂಡು ಅಮ್ಮ ಊಟ ಕಡಿಮೆ ಮಾಡಿದಳು. ಇದಕ್ಕೆ ಉಲ್ಟಾ ಆಗಿದ್ದರೆ, ಅಂದರೆ 100ರ ಬಾಟಲಿಗೆ ಕೆಂಪು ಸಿರಿಂಜು ಹಾಕಿ 10ಕ್ಕೆ ಎಳೆದಿದ್ದರೆ, 25 ಯೂನಿಟ್ ಹೋಗಿ ಪ್ರಾಣಕ್ಕೇ ಬರುತ್ತಿತ್ತು. ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ ಆಮೇಲೆ ಎಳೆಯಿರಿ. ನಾನು ಈಗಲೂ ಹಾಗೇ ಮಾಡುತ್ತೇನೆ, ಪಕ್ಕದಲ್ಲಿದ್ದವರು ಏನಂದುಕೊಂಡರೂ ಸರಿ. ಇನ್ಸುಲಿನ್ ಪೆನ್ ಕೊಂಡುಕೊಳ್ಳುವ ಶಕ್ತಿಯಿದ್ದರೆ ಈ ಗೊಂದಲವೇ ಇಲ್ಲ.

ಹೊಟ್ಟೆಯ ಮೇಲೆ ಹೊಕ್ಕುಳಿಂದ ಎರಡು ಬೆರಳು ದೂರ ಬಿಟ್ಟು, ದಿನ ದಿನ ಜಾಗ ಬದಲಿಸಿ ಚುಚ್ಚಿ. ಬಳಸದ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡವೇ ಬೇಡ; ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ. ಬಳಕೆಯಲ್ಲಿರುವುದನ್ನು ತಂಪು ಜಾಗದಲ್ಲಿ ನಾಲ್ಕು ವಾರ ಇಡಬಹುದು. ಫ್ರಿಜ್ಜಿಲ್ಲದ ಮನೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಮಣ್ಣಿನ ಮಡಕೆಯ ನೀರಿನಲ್ಲಿಟ್ಟರೂ ಸಾಕು. ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ನಾವು ಒದ್ದೆ ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಿದ್ದೆವು.

ಎಲ್ಲಕ್ಕಿಂತ ಮುಖ್ಯವಾದ ದಿನ ಆರನೆಯದು. ಸ್ಟೀರಾಯ್ಡ್ ನಿಂತಿತು ಅಂದರೆ ಶುಗರ್ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇನ್ಸುಲಿನ್ ಮಾತ್ರ ಹಳೇ ಅಳತೆಯಲ್ಲೇ ಮುಂದುವರಿದರೆ ಶುಗರ್ ನೆಲ ಕಚ್ಚುತ್ತದೆ. ಮೊದಲ ದಿನವೇ ಡಾಕ್ಟರ್ ಹತ್ತಿರ "ಸ್ಟೀರಾಯ್ಡ್ ನಿಂತ ದಿನ ಎಷ್ಟು ಹಾಕಲಿ, ಮರುದಿನ ಎಷ್ಟು?" ಎಂದು ಬರೆಸಿಕೊಳ್ಳಿ. ಡೆಕ್ಸಾಮೆಥಸೋನ್ ಆಗಿದ್ದರೆ ಅದರ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ, ಬೆಳಗಿನ ಅಂಕಿಯೂ ಏರಿರಬಹುದು; ಆ ಲೆಕ್ಕ ಬೇರೆ.

ಐದು: ಮಾತ್ರೆ ನುಂಗುವವರು ವಾಂತಿ-ಭೇದಿಯ ದಿನ ಏನು ಮಾಡಬೇಕು

ಇದನ್ನು ಮುಂಚೆಯೇ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ಏಕೆಂದರೆ ಆ ದಿನ ಬಂದಾಗ ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಮೆಟ್‌ಫಾರ್ಮಿನ್ ಶುಗರಿಗೆ ಒಳ್ಳೆಯ ಮಾತ್ರೆ, ಆದರೆ ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಬತ್ತಿದಾಗ, ಕಿಡ್ನಿಗೆ ತೊಂದರೆಯಾದಾಗ ಅದನ್ನು ತಡೆಹಿಡಿಯಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು. ಊಟ ಸೇರದಿರುವಾಗ ಇವನ್ನು ನುಂಗುತ್ತಿದ್ದರೆ ಮೀಟರಿನಲ್ಲಿ ಶುಗರ್ ಹೆಚ್ಚಿಲ್ಲದೆಯೂ ರಕ್ತ ಆಮ್ಲವಾಗುವ ಅಪಾಯವಿದೆ, ಮೂತ್ರದ ಜಾಗದಲ್ಲಿ ಫಂಗಸ್ ಸೋಂಕೂ ಬರಬಹುದು. ಆಪರೇಷನ್ ಇದ್ದರೆ ಇವನ್ನು ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಲೋ ಶುಗರ್ ಆಗುವ ಅಪಾಯ ಹೆಚ್ಚು. ಇನ್ಸುಲಿನ್ ಮಾತ್ರ ನೀವಾಗಿ ಪೂರ್ತಿ ನಿಲ್ಲಿಸಬೇಡಿ, ಕಡಿಮೆ ಮಾಡುವುದನ್ನು ಡಾಕ್ಟರೇ ಹೇಳಲಿ.

ಆರು: ಊಟ

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ. ಮನೆಮನೆಯಲ್ಲಿ ಹೆಚ್ಚು ಜಗಳ, ಹೆಚ್ಚು ಕಣ್ಣೀರು ಊಟದ ವಿಷಯಕ್ಕೇ.

ಮೊದಲು ಒಂದು ಮಾತನ್ನು ತಲೆಯಿಂದ ತೆಗೆದುಹಾಕಬೇಕು: "ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತೆ, ಅನ್ನ ಬಿಟ್ಟರೆ ಅದು ಸಾಯುತ್ತೆ." ನಮ್ಮ ಮೈಯ ಪ್ರತಿ ಕಣವೂ ಗ್ಲೂಕೋಸ್ ಬಳಸುತ್ತದೆ. ತಿನ್ನದಿದ್ದರೆ ಲಿವರ್ ಅದನ್ನು ತಯಾರಿಸುತ್ತದೆ, ಅದಕ್ಕಾಗಿ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. ಗಡ್ಡೆ ಉಪವಾಸ ಬೀಳುವುದಿಲ್ಲ, ರೋಗಿ ಬೀಳುತ್ತಾರೆ. ತೂಕ ಇಳಿದವರಿಗೆ ಕೀಮೋ ತಡೆದುಕೊಳ್ಳುವುದೇ ಕಷ್ಟವಾಗುತ್ತದೆ. ಶುಗರ್ ಬಂತು ಅಂತ ಊಟ ಕಡಿತ ಮಾಡುವ ಕಾಲ ಇದಲ್ಲ. ಸಕ್ಕರೆ, ಬೆಲ್ಲ, ಜ್ಯೂಸ್ ಕಡಿಮೆ ಮಾಡಿ, ಉಳಿದ ಊಟ ಹೊಟ್ಟೆ ತುಂಬ ಇರಲಿ, ಏರಿದ ಶುಗರನ್ನು ಔಷಧಿ ನೋಡಿಕೊಳ್ಳಲಿ.

ಊಟವನ್ನೂ ಸೈಕಲ್ಲಿನ ದಿನಕ್ಕೆ ಹೊಂದಿಸಿಕೊಳ್ಳಿ. ಸ್ಟೀರಾಯ್ಡಿನ ಐದು ದಿನ ಅಮ್ಮನಿಗೆ ಎಂಥ ಹಸಿವು ಅಂದರೆ, ರಾತ್ರಿ ಹನ್ನೊಂದಕ್ಕೆ ಎದ್ದು ಅಡುಗೆಮನೆಯಲ್ಲಿ ಡಬ್ಬಿ ತಡಕುತ್ತಿದ್ದಳು. ಆ ದಿನಗಳಿಗೆ ಮುಂಚೆಯೇ ಹುರಿದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಹೆಸರುಕಾಳು ಉಸಲಿ, ಸೌತೆಕಾಯಿ, ಮಜ್ಜಿಗೆ ಕೈಗೆ ಸಿಗುವ ಹಾಗೆ ಇಟ್ಟೆ; ಬಿಸ್ಕೆಟ್ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಮಧ್ಯಾಹ್ನ, ಸಂಜೆಯ ಅನ್ನ-ಮುದ್ದೆ ಕಡಿಮೆ, ಸೊಪ್ಪು-ಕಾಳು ಜಾಸ್ತಿ. ತಿಂಡಿ ಬೆಳಗ್ಗೆ ಸ್ವಲ್ಪ ಧಾರಾಳವಾಗಿದ್ದರೂ ನಡೆಯುತ್ತಿತ್ತು, ಏಕೆಂದರೆ ಏರಿಕೆ ಇನ್ನೂ ಶುರುವಾಗಿರುವುದಿಲ್ಲ.

ಎರಡನೇ ವಾರ ತದ್ವಿರುದ್ಧ. ಬಾಯಿ ಹುಣ್ಣು, ನಾಲಿಗೆಗೆ ರುಚಿಯಿಲ್ಲ, ಸಾರಿನ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸು. ಆಗ ಪಥ್ಯ ಪಕ್ಕಕ್ಕಿಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಮೆತ್ತಗಿನ ಮೊಸರನ್ನ, ತೊವ್ವೆ ಅನ್ನ, ಇಡ್ಲಿ, ಗಂಜಿಗೆ ಹಾಲು ಅಥವಾ ಬೇಳೆ ಕಟ್ಟು. ಏನೂ ಒಳಗೆ ಹೋಗುತ್ತಿಲ್ಲ ಅಂದರೆ ಸಿಹಿಯಾದರೂ ಸರಿ, ಹೋಗಲಿ. ಭೇದಿಯಾದಾಗ ಓಆರ್‌ಎಸ್‌ನಲ್ಲಿ ಸಕ್ಕರೆ ಇದೆಯೆಂದು ಬಿಡಬೇಡಿ.

ರಾಗಿ ವಿಷಯ. ರಾಗಿ ಅಂದರೆ ಶುಗರ್‌ಗೆ ಔಷಧಿ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ನಾರು, ಸುಣ್ಣದಂಶ ಎಲ್ಲ ಇದೆ ನಿಜ, ಆದರೆ ರಾಗಿಯೂ ಪಿಷ್ಟವೇ. ಸಣ್ಣಗೆ ಬೀಸಿದ ಹಿಟ್ಟನ್ನು ನೀರಾಗಿ ಕಾಯಿಸಿ ಕುಡಿದ ಗಂಜಿ ಸರಸರ ಶುಗರ್ ಏರಿಸುತ್ತದೆ. ನಮ್ಮ ಪುಸ್ತಕದಲ್ಲಿ ಬೆಲ್ಲ ಹಾಕಿದ ರಾಗಿ ಗಂಜಿಯ ಮುಂದೆ ಇರುವ ಅಂಕಿಗಳು ಸಕ್ಕರೆ ಕಾಫಿಯ ಅಂಕಿಗಳಿಗಿಂತ ಮೇಲಿವೆ. ಸಣ್ಣ ಮುದ್ದೆ, ಜೊತೆಗೆ ಹುರುಳಿಕಾಳು ಸಾರು ಅಥವಾ ಬಸ್ಸಾರು ಪಲ್ಯ ಇದ್ದರೆ ಅಷ್ಟು ಏರುವುದಿಲ್ಲ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂಬುದೂ ಶುಗರ್ ಮಟ್ಟಿಗೆ ಸುಳ್ಳು.

ಪ್ರೋಟೀನ್ ಲೆಕ್ಕ ಇಟ್ಟುಕೊಳ್ಳಿ. ತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಬೇಕು ಎನ್ನುತ್ತಾರೆ. 60 ಕಿಲೋ ಇದ್ದವರಿಗೆ 60ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಮ್ಮಿ ಅಷ್ಟೇ. ಬರೀ ತಿಳಿಸಾರು ಅನ್ನದಲ್ಲಿ ಇದು ಮುಟ್ಟುವುದಿಲ್ಲ, ಕಾಳು, ಬೇಳೆ, ಮೊಸರು, ಪನೀರು, ತಿನ್ನುವವರಾದರೆ ಮೀನು-ಕೋಳಿ ಸೇರಿಸಲೇಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಕೊಂಡು ತಿನ್ನಿ. ಅಂಗಡಿಯ ಪೌಡರ್ ಕೊಳ್ಳುವ ಮುಂಚೆ ಡಬ್ಬಿ ಹಿಂದೆ ಸಕ್ಕರೆ ಎಷ್ಟಿದೆ ಓದಿ.

ನೋಡಲು ಬಂದವರು ದಾಳಿಂಬೆ ಜ್ಯೂಸ್, ಬೀಟ್ರೂಟ್ ಜ್ಯೂಸ್, ಖರ್ಜೂರ ತರುತ್ತಾರೆ, "ರಕ್ತ ಬರುತ್ತೆ" ಅಂತ ಪ್ರೀತಿಯಿಂದ ಕುಡಿಸುತ್ತಾರೆ. ಒಂದು ದೊಡ್ಡ ಲೋಟ ಜ್ಯೂಸ್ ಅಂದರೆ ಮೂರ್ನಾಲ್ಕು ಹಣ್ಣಿನ ಸಕ್ಕರೆ ಒಟ್ಟಿಗೆ. ಅರ್ಧ ಹಣ್ಣು ಬಿಡಿಸಿ ತಿನ್ನಿಸಿ, ಸಾಕು. ಹಾಗಲಕಾಯಿ ರಸ, ಮಧುನಾಶಿನಿ ಎಲೆ ಶುಗರ್ ಔಷಧಿಯ ಜೊತೆ ಸೇರಿದರೆ ಎಷ್ಟು ಇಳಿಸುತ್ತವೆ ಎಂದು ಯಾರೂ ಅಳೆದು ಹೇಳಲಾರರು. ಅಮೃತಬಳ್ಳಿ ಕಷಾಯದಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೀಮೋ ಔಷಧಿಗಳನ್ನು ಅರಗಿಸುವುದೂ ಅದೇ ಲಿವರ್. ಕೀಮೋ ಸಾಗುವಷ್ಟು ದಿನ ಇವನ್ನು ದೂರವಿಡಿ. ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಏಳು: ಲೋ ಶುಗರ್

ಬೆವರು, ನಡುಕ, ಎದೆ ಡವಡವ, ತೊದಲು, ಸುಮ್ಮನೆ ಸಿಟ್ಟು. ಕೀಮೋ ಸುಸ್ತು ಅಂದುಕೊಂಡು ಮಲಗಿಸಿಬಿಡುವುದು ಸುಲಭ, ಹಾಗಾಗಿ ಅನುಮಾನ ಬಂದ ಕೂಡಲೇ ಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಮತ್ತೆ ಅಷ್ಟೇ. ಏರಿದ ಮೇಲೆ ಎರಡು ಇಡ್ಲಿಯೋ ಸ್ವಲ್ಪ ಮೊಸರನ್ನವೋ ತಿನ್ನಿಸಿ, ಇಲ್ಲದಿದ್ದರೆ ಇನ್ನೊಮ್ಮೆ ಬೀಳುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಗ್ಲೂಕೋಸ್ ಪೊಟ್ಟಣ ದಿಂಬಿನ ಕೆಳಗೆ, ಕೀಮೋ ಚೀಲದಲ್ಲಿ, ನಿಮ್ಮ ಬ್ಯಾಗಿನಲ್ಲಿ, ಮೂರು ಕಡೆ ಇರಲಿ.

ಎಂಟು: ಕೌಂಟ್ ಬೀಳುವ ವಾರ

ಕೀಮೋ ಆಗಿ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಶುಗರ್ ಏರಿದ ಮೈಯಲ್ಲಿ ಸೋಂಕು ಬೇಗ ಹಬ್ಬುತ್ತದೆ. ಸೋಂಕು ಬಂದರೆ ಶುಗರ್ ಇನ್ನಷ್ಟು ಏರುತ್ತದೆ. ಪಥ್ಯ ಸರಿಯಿದ್ದೂ ಸ್ಟೀರಾಯ್ಡ್ ಇಲ್ಲದ ದಿನ ಶುಗರ್ ಸುಮ್ಮನೆ ಏರಿದರೆ, ಒಳಗೆಲ್ಲೋ ಸೋಂಕಿದೆಯೇ ಎಂದು ನೋಡಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಆಸ್ಪತ್ರೆ, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಮರೆಮಾಚಿ ಬೆಳಗಾಗಲು ಕಾಯಬೇಡಿ.

ಕಾಲು ನೋಡಿ. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗಳೆಲ್ಲ ನರಗಳಿಗೆ ತೊಂದರೆ ಕೊಡುತ್ತವೆ, ಶುಗರ್ ಕೂಡ ಅದನ್ನೇ ಮಾಡುತ್ತದೆ. ನಾಲ್ಕನೇ ಸೈಕಲ್ ಆದ ಮೇಲೆ ಅಮ್ಮ ಹಿತ್ತಲಿಂದ ಒಂದೇ ಚಪ್ಪಲಿಯಲ್ಲಿ ನಡೆದುಕೊಂಡು ಬಂದಳು. ಇನ್ನೊಂದು ಕಾಲಿಂದ ಜಾರಿ ಬಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವತ್ತಿಂದ ಹಿಂದೆ ಪಟ್ಟಿ ಇರುವ ಚಪ್ಪಲಿ, ದಿನಾ ಸಂಜೆ ಅಂಗಾಲು ಬೆರಳಸಂದು ಪರೀಕ್ಷೆ, ಹಂಡೆ ನೀರನ್ನು ಮೊದಲು ನಾನು ಮೊಣಕೈಯಿಂದ ಮುಟ್ಟಿ ನೋಡುವುದು. ಜೋಮು, ಉರಿ ಶುರುವಾದರೆ ಕ್ಯಾನ್ಸರ್ ಡಾಕ್ಟರಿಗೆ ಹೇಳಲೇಬೇಕು, ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು.

ಬಾಯಲ್ಲಿ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ತೋರಿಸಿ. ಉಪ್ಪುನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು ನಮಗೆ ಬಹಳ ಉಪಯೋಗಕ್ಕೆ ಬಂತು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಡಿ:

- ಶುಗರ್ 300 ಮೀರಿ ಎರಡು ಸಲ ಬಂದು ಇಳಿಯದಿರುವುದು (ಮೊದಲು ಫೋನ್), ಅಥವಾ ಮೀಟರಿನಲ್ಲಿ ಅಂಕಿಯ ಬದಲು "ಹೈ" ಎಂದು ಬರುವುದು
- ಶುಗರ್ ಏರಿರುವಾಗ ವಾಂತಿ, ಹೊಟ್ಟೆನೋವು, ಜೋರು ಉಸಿರು, ಉಸಿರಲ್ಲಿ ಕೊಳೆತ ಹಣ್ಣಿನ ವಾಸನೆ
- ಮಂಪರು, ಗೊಂದಲದ ಮಾತು
- ನೀರೂ ಒಳಗೆ ನಿಲ್ಲದಿರುವುದು
- 100.4 ಜ್ವರ, ಚಳಿ ನಡುಕ

ಸ್ಕ್ಯಾನ್ ದಿನ

ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನೋಡುವ ಪೆಟ್-ಸಿಟಿ ಸ್ಕ್ಯಾನಿನಲ್ಲಿ ಕೊಡುವ ಇಂಜೆಕ್ಷನ್ ಕೂಡ ಒಂದು ಬಗೆಯ ಗ್ಲೂಕೋಸೇ. ರಕ್ತದಲ್ಲಿ ಸಕ್ಕರೆ ತುಂಬಿದ್ದರೆ ಚಿತ್ರ ಮಸುಕಾಗುತ್ತದೆ, ಹಾಗಾಗಿ 200ಕ್ಕಿಂತ ಮೇಲಿದ್ದರೆ ಬಹಳ ಕಡೆ ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ನಾಲ್ಕರಿಂದ ಆರು ಗಂಟೆ ಉಪವಾಸ ಇರಬೇಕು. ದೂರದಿಂದ ಬರುವವರು ದಿನಾಂಕ ತೆಗೆದುಕೊಳ್ಳುವಾಗಲೇ "ಶುಗರ್ ಇದೆ, ಇನ್ಸುಲಿನ್ ಇದೆ, ಮೆಟ್‌ಫಾರ್ಮಿನ್ ಇದೆ" ಎಂದು ಹೇಳಿ ಬೆಳಗಿನ ಹೊತ್ತು ಕೇಳಿ. ಸ್ಟೀರಾಯ್ಡ್ ದಿನಗಳನ್ನು ತಪ್ಪಿಸಿ. ಸ್ಕ್ಯಾನಿಗೆ ಸ್ವಲ್ಪ ಮುಂಚೆ ಇನ್ಸುಲಿನ್ ಚುಚ್ಚಿದರೆ ಆ ಗ್ಲೂಕೋಸೆಲ್ಲ ಸ್ನಾಯುಗಳಿಗೆ ಹೋಗಿ ಚಿತ್ರ ಕೆಡುತ್ತದೆ, ಆದ್ದರಿಂದ ಎಷ್ಟು ಹೊತ್ತಿಗೆ ಹಾಕಬೇಕೆಂದು ಅವರಿಂದಲೇ ಕೇಳಿ ತಿಳಿಯಿರಿ. ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಸಿಟಿ ಸ್ಕ್ಯಾನಿಗೆ ಕಿಡ್ನಿ ದುರ್ಬಲವಾಗಿದ್ದವರು ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆ ಬಿಟ್ಟು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಸಿ ಮತ್ತೆ ಶುರು ಮಾಡಬೇಕಾಗುತ್ತದೆ.

ದುಡ್ಡು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಕೀಮೋ ಖರ್ಚಿಗೆ ಇದು ದೊಡ್ಡ ಆಸರೆ, ಆದರೆ ಮನೆಯಲ್ಲಿ ದಿನಾ ಖರ್ಚಾಗುವ ಸ್ಟ್ರಿಪ್, ಸಿರಿಂಜು ಕೈಯಿಂದಲೇ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರಿನಂಥ ದೀರ್ಘಕಾಲದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಹೆಸರು ಬರೆಸಿದರೆ ಶುಗರ್ ಪರೀಕ್ಷೆ, ಮಾತ್ರೆ ಉಚಿತ. ಇನ್ಸುಲಿನ್ ಇದೆಯೇ ಎಂದು ಅಲ್ಲೇ ಕೇಳಿ. ಉಳಿದದ್ದಕ್ಕೆ ಜನೌಷಧಿ ಕೇಂದ್ರ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ಚಿಕಿತ್ಸೆ ಇದ್ದರೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಮೊದಲ ಭೇಟಿಯಲ್ಲೇ ಕಾಣಿ.

ಕೀಮೋ ಮುಗಿದ ಮೇಲೆ

ಸ್ಟೀರಾಯ್ಡ್ ನಿಂತ ಮೇಲೆ ಬಹಳ ಜನರಿಗೆ ಶುಗರ್ ಇಳಿಯುತ್ತದೆ, ಕೆಲವರಿಗೆ ಪೂರ್ತಿ ಹೋಗುತ್ತದೆ. ಹೋಯಿತು ಅಂತ ಪುಸ್ತಕ ಮುಚ್ಚಬೇಡಿ. ಕೊನೆಯ ಸೈಕಲ್ ಆಗಿ ಸುಮಾರು ಮೂರು ತಿಂಗಳಿಗೆ, ರಕ್ತ ಹಾಕಿಸಿಕೊಂಡು ಸಾಕಷ್ಟು ದಿನವಾಗಿದ್ದರೆ, ಎಚ್‌ಬಿಎ1ಸಿ ಮಾಡಿಸಿ. ಆಮೇಲೆ ವರ್ಷಕ್ಕೊಮ್ಮೆಯಾದರೂ. ಕಣ್ಣಿನ ರೆಟಿನಾ ಮತ್ತು ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆಯನ್ನು ಕ್ಯಾನ್ಸರ್ ಗಡಿಬಿಡಿಯಲ್ಲಿ ಎಲ್ಲರೂ ಮರೆತಿರುತ್ತಾರೆ, ಅದನ್ನೂ ಈಗ ಮುಗಿಸಿಕೊಳ್ಳಿ.

ಅಮ್ಮನಿಗೆ ಆರು ಸೈಕಲ್ ಮುಗಿದು ಮೂರು ತಿಂಗಳಿಗೆ 6.3 ಬಂತು. ಇನ್ಸುಲಿನ್ ಇಲ್ಲ, ರಾತ್ರಿ ಒಂದು ಮೆಟ್‌ಫಾರ್ಮಿನ್ ಇದೆ, ಸಂಜೆ ಕೆರೆ ಏರಿಯವರೆಗೆ ನಡಿಗೆ ಇದೆ. ಲೆಕ್ಕದ ಪುಸ್ತಕದಲ್ಲಿ ಇನ್ನೂ ಹದಿನೆಂಟು ಹಾಳೆ ಉಳಿದಿವೆ. ಈಗ ಅದರಲ್ಲಿ ಅವಳೇ ಬರೆಯುತ್ತಾಳೆ, ವಾರಕ್ಕೆ ಎರಡು ದಿನ, ಸಂಜೆ ಐದಕ್ಕೆ.